ಉತ್ತರ ಪತ್ರಿಕೆಯ ಮೇಲಿನ ಸಾಲು

ಪರೀಕ್ಷೆಯಲ್ಲಿ ಏನೇನು ಮಾಡಬಾರದು ಎಂದು ನಾನು ಅನುಸೂಯಕ್ಕನಿಗೆ ಎರಡು ಪುಟ ಬರೆದು ಕೊಟ್ಟಿದ್ದೆ. ಒಟ್ಟು ಹತ್ತೊಂಬತ್ತು ಸೂಚನೆ. ಹಾಲ್ ಟಿಕೆಟ್ ಮಡಚಬಾರದು. ಕೆಂಪು ಪೆನ್ನು ಜೊತೆಗಿಟ್ಟುಕೊಳ್ಳಬಾರದು. ಪ್ರಶ್ನೆಯ ಸಂಖ್ಯೆ ಹಾಕದೆ ಉತ್ತರ ಬರೆಯಬಾರದು. ಪತ್ರ ಬರೆಯುವ ಪ್ರಶ್ನೆಯಲ್ಲಿ ಸ್ವಂತ ಹೆಸರು ಬರೆಯಬಾರದು, ಅವರು ಕೊಟ್ಟ ಹೆಸರನ್ನೇ ಬರೆಯಬೇಕು. ವಾಕ್ಯದ ಮೊದಲಿಗೆ ‘ಆಲ್ದೋ’ ಬಂದರೆ ನಡುವೆ ‘ಬಟ್’ ಬರಬಾರದು. ಹೀಗೆ. ಬರೆದಾದ ಮೇಲೆ ಒಮ್ಮೆ ಓದಿ, ಮಾರನೆಯ ದಿನ ಇನ್ನೊಮ್ಮೆ ಓದಿ, ಏನೂ ಬಿಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಟ್ಟಿದ್ದು.

ಆದರೆ ಒಂದನ್ನು ಬಿಟ್ಟಿದ್ದೆ. ಅದು ಯಾವುದೆಂದು ಗೊತ್ತಾಗುವ ಹೊತ್ತಿಗೆ ಪರೀಕ್ಷೆ ಮುಗಿದು, ಉತ್ತರ ಪತ್ರಿಕೆಗಳನ್ನು ಸೀಲು ಮಾಡಿ ಜೀಪಿಗೆ ಇಡುತ್ತಿದ್ದರು.

ಅನುಸೂಯಕ್ಕ ನಾನು ಇಂಗ್ಲಿಷ್ ಕಲಿಸುವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ವಯಸ್ಸು ನಲವತ್ತರ ಹತ್ತಿರ. ಊರು ಶಾಲೆ ಇರುವ ಐಮಂಗಲವೇ. ಅವರ ಮನೆ ಹೆದ್ದಾರಿಗೆ ಎಷ್ಟು ಹತ್ತಿರವೆಂದರೆ ದೊಡ್ಡ ಲಾರಿ ಹೋದಾಗ ಗೋಡೆಯ ಕ್ಯಾಲೆಂಡರು ಅಲುಗುತ್ತದೆ. ನಾನು ಹೊಳಲ್ಕೆರೆ ಕಡೆಯವಳು. ಹಿರಿಯೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಆರು ವರ್ಷ ಅವರ ಕೈಯ ಅನ್ನ ಸಾರು ಉಂಡಿದ್ದರೂ ಅವರು ಎಷ್ಟು ಓದಿದ್ದಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬೇಸಿಗೆ ರಜೆಯಲ್ಲಿ, ಫೇಲಾದ ಮಕ್ಕಳಿಗೆ ವಿಶೇಷ ತರಗತಿ ಮಾಡಲು ನಾನು ಶಾಲೆಗೆ ಬರುತ್ತಿದ್ದಾಗ, ಆ ಮಕ್ಕಳಿಗೆ ಅಡುಗೆ ಮಾಡಲು ಬರುತ್ತಿದ್ದ ಅವರು ಒಂದು ದಿನ ಸೆರಗಿನ ಅಡಿಯಿಂದ ಒಂದು ಪ್ರಶ್ನೆಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು.

“ಮೇಡಮ್ರೇ, ಇದರಾಗೆ ನಾನು ಏನು ಬರೀಬೇಕಿತ್ತು ಅಂತ ಒಂಚೂರು ನೋಡ್ರಿ.”

“ಇದು ಭಾಗ್ಯಂದಾ?” ಎಂದೆ. ಭಾಗ್ಯ ಅವರ ಮಗಳು, ನನ್ನ ವಿದ್ಯಾರ್ಥಿನಿ, ಅದೇ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು.

“ನಂದೇ. ನಾನೂ ಕಟ್ಟಿದ್ದೆ. ಐದು ಸಬ್ಜೆಕ್ಟು ಪಾಸಾಯ್ತು. ಇಂಗ್ಲಿಷ್ ಒಂದು ಉಳ್ಕಂಡೈತೆ. ಇಪ್ಪತ್ತೊಂದು.”

ಮಗಳು ಮತ್ತು ತಾಯಿ ಒಂದೇ ಬಸ್ಸಿನಲ್ಲಿ ಹೋಗಿ ಬೇರೆ ಬೇರೆ ಕೊಠಡಿಗಳಲ್ಲಿ ಪರೀಕ್ಷೆ ಬರೆದು ಬಂದಿದ್ದರು. ಶಾಲೆಯಲ್ಲಿ ಯಾರಿಗೂ ಸುಳಿವಿಲ್ಲ. ಕಾರಣ ಕೇಳಿದೆ. ಹಿರಿಯೂರಿನಲ್ಲಿ ಒಂದು ಟ್ರಸ್ಟಿನವರು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಹಿರಿಯ ಅಡುಗೆಯವರು ಕೆಲಸ ಬಿಡುವವರಿದ್ದರು. ಆ ಜಾಗಕ್ಕೆ ಬರುವವರು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಸಾಮಾನಿನ ಪುಸ್ತಕ ಬರೆಯಬೇಕು. ಅಡುಗೆಯವರ ಮಗಳಿಗೆ ಅಲ್ಲೇ ಉಳಿದು ಓದಲು ಜಾಗ ಕೊಡುತ್ತಾರೆ. ಕೆಲಸ ಸಿಕ್ಕರೆ ಭಾಗ್ಯ ಪಿಯುಸಿಗೆ ಹಿರಿಯೂರು ಸೇರುತ್ತಾಳೆ. ಸಿಗದಿದ್ದರೆ ಏನು ಎನ್ನುವುದನ್ನು ಅನುಸೂಯಕ್ಕ ಹೇಳಲಿಲ್ಲ. ಜೂನ್ ಕೊನೆಯೊಳಗೆ ಪಾಸಾದ ಕಾಗದ ತರಬೇಕು, ಇಲ್ಲವಾದರೆ ಇನ್ನೊಬ್ಬರಿಗೆ ಕೊಡುತ್ತೇವೆ ಎಂದು ವಾರ್ಡನ್ ಹೇಳಿದ್ದರಂತೆ. ಫೇಲಾದವರಿಗೆ ನಡೆಸುವ ಎರಡನೇ ಪರೀಕ್ಷೆಗೆ ತಿಂಗಳು ಕೂಡ ಇರಲಿಲ್ಲ.

“ಭಾಗ್ಯನ ಹತ್ರ ಹೇಳಿಸಿಕೊಂಡಿದ್ರೆ ಆಗ್ತಿತ್ತಲ್ಲ?”

“ಅವಳಾ? ನಾನು ‘ವೆಡ್ನೆಸ್ಡೇ’ ಅಂದ್ರೆ ಬಿದ್ದು ಬಿದ್ದು ನಗ್ತಾಳೆ. ನೀವಾದ್ರೆ ಒಳಗೇ ನಗ್ತೀರಿ.”

ಹೀಗೆ ಪಾಠ ಶುರುವಾಯಿತು. ಮಕ್ಕಳ ತರಗತಿ ಮುಗಿದ ಮೇಲೆ ಅಡುಗೆಮನೆಯಲ್ಲಿ ಕೂರುತ್ತಿದ್ದೆವು. ಅವರು ಅಕ್ಕಿ ಮೂಟೆಯ ಮೇಲೆ, ನಾನು ಒಂದು ಸ್ಟೂಲಿನ ಮೇಲೆ. ಅನುಸೂಯಕ್ಕ ಪ್ರತಿ ಸಲ ಹೊಸ ಹಾಳೆ ತೆಗೆದು, ತುದಿಯಲ್ಲಿ ‘ಶ್ರೀ ತಿಪ್ಪೇರುದ್ರಸ್ವಾಮಿ ಪ್ರಸನ್ನ’ ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಆಮೇಲೆ “ಹೂಂ, ಹೇಳ್ರಿ” ಎನ್ನುತ್ತಿದ್ದರು. ಆ ಮನೆಯಲ್ಲಿ ಕಿರಾಣಿ ಚೀಟಿಗೂ ಅದೇ ತಲೆಬರಹ. ನಮ್ಮ ಹೊಳಲ್ಕೆರೆ ಮನೆಯಲ್ಲೂ ಮನೆದೇವರ ಹೆಸರು ಬರೆಯದೆ ಮದುವೆಯ ಸಾಮಾನಿನ ಪಟ್ಟಿಯೂ ಶುರುವಾಗುವುದಿಲ್ಲ. ಹಾಗಾಗಿ ದಿನಾ ಕಣ್ಣಿಗೆ ಬೀಳುತ್ತಿದ್ದರೂ ನಾನು ಅದನ್ನು ನೋಡಲಿಲ್ಲ.

ಅವರಿಗೆ ಬಾರದಿದ್ದದ್ದು ಎಲ್ಲವೂ ಅಲ್ಲ. ಇಂಗ್ಲಿಷ್ ವ್ಯಾಕರಣ ಹೇಳುವ ಪದಗಳ ಎಂಟು ಗುಂಪುಗಳಲ್ಲಿ ಹೆಚ್ಚಿನವನ್ನು ತಮ್ಮದೇ ರೀತಿಯಲ್ಲಿ ಹಿಡಿದಿಟ್ಟುಕೊಂಡಿದ್ದರು.

“ನೌನು ಅಂದ್ರೆ ಹೆಸರು. ಹೆಸರು ಕರೆದು ಕರೆದು ಬೇಜಾರಾದ್ರೆ ‘ಅವನು, ಇವಳು’ ಅಂತೀವಲ್ಲ, ಅದು ಪ್ರೊನೌನು. ವರ್ಬು ಕೆಲಸ. ಸಾಮಾನು ಹೆಂಗೈತೆ ಅಂದ್ರೆ ಅಡ್ಜೆಕ್ಟಿವ್ವು, ಕೆಲಸ ಹೆಂಗೆ ಮಾಡಿದ್ರು ಅಂದ್ರೆ ಅಡ್ವರ್ಬು. ಡಬ್ಬ ಮ್ಯಾಲೈತೋ ಕೆಳಗೈತೋ ಅಂದ್ರೆ ಪ್ರಿಪೊಸಿಷನ್ನು. ಕೈ ಸುಟ್ಟಾಗ ಬಾಯಾಗೆ ಬರೋದು ಇಂಟರ್ಜೆಕ್ಷನ್ನು. ಸರಿನಾ?”

“ಸರಿ.”

“ಈ ಕಂಜಂಕ್ಷನ್ನು ಏನ್ ಮಾಡ್ತೈತೆ ಹೇಳ್ರಿ. ಹೆಸರಲ್ಲ, ಕೆಲಸ ಇಲ್ಲ. ನಮ್ಮ ಭಾವ ಬೀಗರ ಊಟದಾಗೆ ಕುಂತಂಗೆ ಸುಮ್ನೆ ನಡುವೆ ಬಂದು ಕುಂತೈತೆ.”

ಎರಡು ಪದಗಳನ್ನು ಅಥವಾ ಎರಡು ವಾಕ್ಯಗಳನ್ನು ಕೂಡಿಸುವ ಪದವೇ ಕಂಜಂಕ್ಷನ್ ಎಂದು ನಾನು ಹೇಳಿದೆ. ಮೂರು ದಿನ ಅದನ್ನೇ ಹೇಳಿದೆ. ‘ಅಂಡ್’ ಬಂತು. ‘ಆರ್’ ಬಂತು. ‘ಬಿಕಾಸ್’ ಬಂದಾಗ ತಿಣುಕಾಟ ಶುರುವಾಯಿತು. ‘ಆಲ್ದೋ’ ಬಂದಾಗ ಅನುಸೂಯಕ್ಕ ಪೆನ್ನು ಕೆಳಗಿಟ್ಟರು. ಕೂಡಿಸಿ ಬರೆಯಲು ಕೊಟ್ಟ ಹತ್ತು ವಾಕ್ಯಗಳಲ್ಲಿ ಏಳು ತಪ್ಪಾದವು. ಪರೀಕ್ಷೆಯಲ್ಲಿ ಇವು ಬಂದೇ ಬರುತ್ತವೆ. ವಾಕ್ಯ ಕೂಡಿಸಲು ಬಾರದಿದ್ದರೆ ಪತ್ರವೂ ಇಲ್ಲ, ಪ್ರಬಂಧವೂ ಇಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಲೆಕ್ಕ ಹಾಕಿ ನೋಡಿದೆ, ಇದೊಂದು ಬಾರದೆ ಅವರು ಇಪ್ಪತ್ತೊಂದನ್ನು ದಾಟುವುದಿಲ್ಲ.

ನಾಲ್ಕನೆಯ ದಿನ ನಾವು ಕುಳಿತಿದ್ದಾಗ ಗ್ಯಾಸ್ ತಂದುಕೊಡುವವನ ಫೋನ್ ಬಂತು. ಅನುಸೂಯಕ್ಕ ಎದ್ದು ಬಾಗಿಲ ಹತ್ತಿರ ನಿಂತು ಶುರು ಮಾಡಿದರು.

“ಏನಪ್ಪ, ಗಾಡಿ ಊರೊಳಗೆ ಬಂದ್ರೂ ಸಿಲಿಂಡರ್ ಇಳಿಸ್ದೆ ಹೋದ್ಯಲ್ಲ, ನಾನು ಬೀಗ ತೆಗೆದು ಕುಂತಿದ್ರೂ ನೀನು ಬೀಗ ಹಾಕಿತ್ತು ಅಂತ ಬರ್ಕಂಡು ಹೋಗಿದ್ದೀಯಲ್ಲ, ನಿನ್ನ ಕಣ್ಣೇನು ಹಿರಿಯೂರಾಗೆ ಬಿಟ್ಟು ಬಂದಿದ್ಯಾ? ನೀನು ಇಳಿಸ್ದಿದ್ದಕ್ಕೆ ನಾನು ನಾಳೆ ಸೌದೆ ಉರಿಸ್ಬೇಕು. ನಾಳೆ ನೀನು ಬಂದ್ರೆ ಸರಿ, ಬರ್ದಿದ್ರೆ ನಾನೇ ನಿಮ್ಮ ಗೋಡೌನಿಗೆ ಬರ್ತೀನಿ.”

ನಾನು ಕೇಳುತ್ತಾ ಕುಳಿತವಳು ಅವರ ಹಾಳೆಯನ್ನು ಎಳೆದುಕೊಂಡು ಅದನ್ನೆಲ್ಲ ಬರೆದುಕೊಂಡೆ. ಬೈದು ಮುಗಿಸಿ ಬಂದವರ ಮುಂದೆ ಇಟ್ಟೆ.

“ಅನುಸೂಯಕ್ಕ, ನೀವು ಹೇಳಿದ್ದು ಇದು. ‘ಬಂದ್ರೂ’ ಅಂತ ಅಂದ್ರಲ್ಲ, ಕೊನೆಯಲ್ಲಿ ‘ರೂ’ ಅಂತ ಎಳೆದ್ರಲ್ಲ, ಅದೇ ‘ಆಲ್ದೋ’. ‘ಇಳಿಸ್ದಿದ್ದಕ್ಕೆ’ ಅಂದ್ರಲ್ಲ, ಆ ‘ಕ್ಕೆ’ ಇದೆಯಲ್ಲ, ‘ಬಿಕಾಸ್’. ‘ಬಂದ್ರೆ’ ಅನ್ನೋದರ ‘ರೆ’, ‘ಇಫ್’.”

ಅವರು ಹಾಳೆಯನ್ನೇ ನೋಡಿದರು. ಬೆರಳಿನಿಂದ ‘ಬಂದ್ರೂ’ ಪದದ ಬಾಲವನ್ನು ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು.

“ಅಂದ್ರೆ ನಾವು ಅದನ್ನ ಕೆಲಸದ ಬಾಲಕ್ಕೆ ಅಂಟಿಸ್ತೀವಿ.”

“ಹೂಂ.”

“ಅವ್ರು ಕಿತ್ತು, ತಂದು, ಮುಂದೆ ಕುಂಡ್ರಿಸ್ತಾರೆ.”

“ಅಷ್ಟೇ.”

“ಇಷ್ಟೇ ತಾನೆ? ಮೊದ್ಲೇ ಹೇಳಬಾರ್ದಾ ಮೇಡಮ್ರೇ! ಕೂಡಿಸೋದು, ಕೂಡಿಸೋದು ಅಂತ ಮೂರು ದಿನ ಸುತ್ತಿಸಿದ್ರಲ್ಲ.”

ನಾನೂ ಅದನ್ನು ಮೊದಲು ಹಾಗೆ ಯೋಚಿಸಿರಲಿಲ್ಲ. ನನಗೆ ಕಲಿಸಿದವರು ಕೂಡಿಸುವುದು ಎಂದಿದ್ದರು, ನಾನು ಅದನ್ನೇ ಹದಿಮೂರು ವರ್ಷ ಮಕ್ಕಳಿಗೆ ದಾಟಿಸುತ್ತಾ ಬಂದಿದ್ದೆ. ಅಂದಿನಿಂದ ನಮ್ಮ ಪಾಠ ಬದಲಾಯಿತು. ಅವರು ಯಾರನ್ನಾದರೂ ಬೈಯುವುದು, ನಾನು ಬರೆದುಕೊಳ್ಳುವುದು, ಇಬ್ಬರೂ ಸೇರಿ ಬಾಲಗಳನ್ನು ಹುಡುಕಿ ಇಂಗ್ಲಿಷಿಗೆ ತರುವುದು. ಬೈಸಿಕೊಳ್ಳುವವರಿಗೇನೂ ಕೊರತೆ ಇರಲಿಲ್ಲ. ಹೆಚ್ಚಿನ ದಿನ ಅವರ ಅತ್ತೆ ಬೋರಕ್ಕನವರೇ ಆಗುತ್ತಿದ್ದರು. “ನಾನು ಮುದ್ದೆ ತಿರುವಿ ಇಟ್ರೂ ಅವರು ಮೊಮ್ಮಗಳ ಮುಂದೆ ಹಸಿವು ಅಂತಾರೆ” ಎಂಬುದು ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬಂತು.

‘ಆಲ್ದೋ’ ಹಾಕಿದ ಮೇಲೂ ‘ಬಟ್’ ಹಾಕುವ ಚಾಳಿಯನ್ನು ಮಾತ್ರ ಬಿಡಿಸಲಾಗಲಿಲ್ಲ. “ಒಂದಕ್ಕೆ ಎರಡಿದ್ರೆ ಗಟ್ಟಿ ಅಲ್ವಾ?” ಎನ್ನುತ್ತಿದ್ದರು. ಅದಕ್ಕೇ ಸೂಚನೆಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿದ್ದು.

ಪಟ್ಟಿ ಕೈಗೆ ಕೊಟ್ಟಾಗ ಅನುಸೂಯಕ್ಕ ಎರಡೂ ಪುಟ ತಿರುವಿ ನೋಡಿ ನಕ್ಕರು.

“ಮೇಡಮ್ರೇ, ನನಗೆ ಒಂಬತ್ತು ಕಂಜಂಕ್ಷನ್ನು ಕಲಿಸಿದ್ರಿ. ನಿಮ್ಮ ಬಾಯಾಗೆ ಇರೋದು ಎರಡೇ. ‘ಆದ್ರೆ’ ಒಂದು, ‘ಅಕಸ್ಮಾತ್’ ಒಂದು.”

“ಅಕಸ್ಮಾತ್ ಕಂಜಂಕ್ಷನ್ ಅಲ್ಲ, ಅನುಸೂಯಕ್ಕ.”

“ನಿಮ್ಮ ಬಾಯಾಗೆ ಅದೂ ಕಂಜಂಕ್ಷನ್ನೇ. ಎಲ್ಲಾ ಮಾತಿನ ನಡುವೆ ಬರ್ತೈತೆ.”

ಪರೀಕ್ಷೆಯ ದಿನ ನಾನು ಹಿರಿಯೂರಿನ ಪರೀಕ್ಷಾ ಕೇಂದ್ರದ ಗೇಟಿಗೆ ಎಂಟೂವರೆಗೇ ಹೋಗಿ ನಿಂತೆ. ಹಾಲ್ ಟಿಕೆಟ್ಟಿನ ಎರಡು ಜೆರಾಕ್ಸ್ ನನ್ನ ಚೀಲದಲ್ಲಿದ್ದವು. ಅನುಸೂಯಕ್ಕ ಬಂದರು, ಜೊತೆಗೆ ಬೋರಕ್ಕನವರೂ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಸೊಸೆ ಒಳಗೆ ಹೋದ ಮೇಲೆ ಗೇಟಿನ ಎದುರಿನ ಹೊಂಗೆಮರದ ಕೆಳಗೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕುಳಿತರು.

“ಬರ್ರಿ ತಾಯಿ, ಕುಂತ್ಕಳ್ರಿ. ಎಷ್ಟೊತ್ತು ನಿಂತಿರ್ತೀರಿ?”

“ಪರವಾಗಿಲ್ಲ.”

“ಒಳಗೆ ಬರೀತಿರೋದು ನನ್ನ ಸೊಸೆ. ಬೆವರು ಒರೆಸ್ಕಂತಿರೋದು ನೀವು.” ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. “ನಾನೇ ಬ್ಯಾಡ ಅಂದಿದ್ದೆ. ಈ ವಯಸ್ಸಿಗೆ ಪರೀಕ್ಷೆ ಅಂತೆ. ಊರಾಗೆ ಏನಂದ್ಕಂತಾರೆ?”

“ಮತ್ತೆ ಇಲ್ಲೀತನಕ ಬಂದಿದ್ದೀರಲ್ಲ?”

“ಬರ್ದೆ? ಅವಳು ಹೊಟ್ಟೆ ಹಸ್ಕಂಡು ಹೊರಗೆ ಬಂದ್ರೆ ಯಾರು ಕೊಡ್ತಾರೆ? ನೀವು ಕೊಡ್ತೀರಾ, ಆ ಜೆರಾಕ್ಸು?”

ಮೂರು ಗಂಟೆ ಕಳೆದು ಬೆಲ್ ಹೊಡೆಯಿತು. ಹುಡುಗ ಹುಡುಗಿಯರ ನಡುವೆ ಅನುಸೂಯಕ್ಕ ಬಂದರು. ಮುಖದಲ್ಲಿ ಏನಿತ್ತೆಂದು ನಾನು ಓದುವಷ್ಟರಲ್ಲಿ ಬೋರಕ್ಕ ಡಬ್ಬಿ ಕೊಡುತ್ತಾ ಕೇಳಿದರು.

“ಸ್ವಾಮಿ ಹೆಸ್ರು ಬರೆದು ಶುರು ಮಾಡಿದ್ಯೇನೆ?”

“ಹೂಂ ಅತ್ತೆ, ಬರೆದೆ.”

“ಉತ್ತರ ಬರೆಯೋ ಪೇಪರ್ ಮ್ಯಾಲೆ?”

“ಹೂಂ. ಮ್ಯಾಲೇನೆ. ಬರ್ರಿ ಹೋಗಾಣ, ಬಸ್ಸು ಹೋಗ್ತೈತೆ.”

ಹೊಂಗೆಮರದ ನೆರಳಿನಲ್ಲಿದ್ದರೂ ನನ್ನ ಕಣ್ಣ ಮುಂದೆ ಬಿಸಿಲು ಹೊಯ್ದಂತಾಯಿತು. ಉತ್ತರ ಪತ್ರಿಕೆಯಲ್ಲಿ ಹೆಸರು, ಊರು, ದೇವರ ಹೆಸರು, ಬರೆದವರ ಗುರುತು ಹತ್ತುವ ಯಾವುದನ್ನೂ ಬರೆಯಬಾರದು. ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಇದನ್ನು ಮೂರು ಸಲ ಹೇಳಿದ್ದರು. ಹಾಗೆ ಬರೆದವರ ಪತ್ರಿಕೆಯನ್ನು ಬದಿಗೆ ತೆಗೆದಿಟ್ಟ ಕಥೆಗಳನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಸ್ವಂತ ಹೆಸರು ಬರೆಯಬೇಡಿ ಎಂದು ಬರೆದು ಕೊಟ್ಟಿದ್ದೆ. ಸ್ವಾಮಿಯ ಹೆಸರು ಬರೆಯಬೇಡಿ ಎಂದು ಬರೆಯಲಿಲ್ಲ. ಹತ್ತೊಂಬತ್ತು ಸೂಚನೆ ಬರೆದು, ಇಪ್ಪತ್ತನೆಯದು ಕಣ್ಣ ಮುಂದೆ ಪ್ರತಿ ಹಾಳೆಯ ತುದಿಯಲ್ಲಿ ಕುಳಿತಿದ್ದರೂ ಬಿಟ್ಟಿದ್ದೆ.

ಗೇಟಿನ ಒಳಗೆ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಜೀಪಿಗೆ ಇಡುತ್ತಿದ್ದರು.

“ಏನ್ ಮೇಡಮ್ರೇ, ಪೇಪರ್ ಹೆಂಗಿತ್ತು ಅಂತ ಕೇಳಲ್ವಾ?” ಎಂದರು ಅನುಸೂಯಕ್ಕ.

“ಹೆಂಗಿತ್ತು?”

“ಕೂಡಿಸಿ ಬರೆಯೋವು ನಾಲ್ಕಿದ್ವು. ನಾಲ್ಕೂ ಬರೆದೆ. ‘ಆಲ್ದೋ’ ಬಂದಿತ್ತು.”

“ಒಳ್ಳೇದಾಯ್ತು” ಎಂದೆ. ಆ ಸಾಲಿನ ವಿಷಯ ಈಗ ಹೇಳಿ ಏನು ಪ್ರಯೋಜನ? ಜೀಪು ಹೊರಟಿತ್ತು. ಬೋರಕ್ಕನವರ ಎದುರಿಗೆ, ನಿಮ್ಮ ಸ್ವಾಮಿಯ ಹೆಸರಿನಿಂದಲೇ ನಿಮ್ಮ ಸೊಸೆ ಕೆಡಬಹುದು ಎಂದು ಹೇಗೆ ಹೇಳುವುದು? ಹೇಳಿದರೆ ಅನುಸೂಯಕ್ಕ ಫಲಿತಾಂಶ ಬರುವವರೆಗೆ ಮೂರು ವಾರ ನಿದ್ದೆಗೆಡುತ್ತಾರೆ. ಒಬ್ಬರು ಕೆಟ್ಟರೆ ಸಾಕು, ನಾನು ಹೇಗೂ ಮಲಗುವವಳಲ್ಲ ಎಂದುಕೊಂಡೆ.

ಅದರ ಮುಂದಿನ ಭಾನುವಾರ ಚಿತ್ರದುರ್ಗಕ್ಕೆ ಹೋದೆ. ನಮ್ಮ ಪ್ರಭು ಸರ್ ಅಲ್ಲಿದ್ದಾರೆ, ಹಳೆಯ ಸಹೋದ್ಯೋಗಿ, ಮೌಲ್ಯಮಾಪನಕ್ಕೆ ಹೋಗಿ ಹೋಗಿ ನುರಿತವರು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲ್ಲಿನಲ್ಲಿ ಕುಳಿತು ಸುತ್ತು ಬಳಸಿ ಕೇಳಿದೆ.

“ಸರ್, ಯಾರಾದ್ರೂ ಒಬ್ಬ ವಿದ್ಯಾರ್ಥಿ ಉತ್ತರ ಪತ್ರಿಕೆ ಮೇಲೆ ದೇವರ ಹೆಸರು ಬರೆದಿದ್ದಾನೆ ಅಂತ ಇಟ್ಕೊಳ್ಳಿ.”

“ನೋಡೋರ ಮೇಲೆ ಹೋಗುತ್ತೆ. ಕೆಲವರು ಕಂಡೂ ಕಾಣದಂಗೆ ಮುಂದಕ್ಕೆ ಹೋಗ್ತಾರೆ. ಕೆಲವರು ಷರಾ ಬರೆದು ಮೇಲಕ್ಕೆ ಕಳಿಸ್ತಾರೆ. ಕಳಿಸಿದ್ರೆ ಮುಗೀತು, ಫಲಿತಾಂಶ ತಡೆಹಿಡೀತಾರೆ. ವಿಚಾರಣೆ, ಕಾಗದ, ತಿಂಗಳುಗಟ್ಟಲೆ.”

“ತಿಂಗಳುಗಟ್ಟಲೆ?”

“ಯಾರದು ಯಮುನಾ ಮೇಡಂ?”

“ಯಾರದೂ ಅಲ್ಲ ಸರ್.”

“ಯಾರದೂ ಅಲ್ಲದ್ದಕ್ಕೆ ಭಾನುವಾರ ಹಿರಿಯೂರಿಂದ ಬಸ್ ಹತ್ತಿ ಬಂದ್ರಾ? ಮಂಡಕ್ಕಿ ತಿನ್ನಿ, ಮೆತ್ತಗಾಯ್ತು.”

ನನಗೆ ಬೇಕಾಗಿದ್ದು ಜೂನ್ ಕೊನೆ. ತಿಂಗಳುಗಟ್ಟಲೆ ಎಂಬ ಮಾತಿನಲ್ಲಿ ಜೂನ್ ಕೊನೆ ಇರಲಿಲ್ಲ.

ಶಾಲೆ ಶುರುವಾಯಿತು. ನಾನು ಅಡುಗೆಮನೆಯ ಕಡೆ ಹೋಗುವುದನ್ನು ಕಡಿಮೆ ಮಾಡಿದೆ. ಎಷ್ಟೋ ದಿನ ಮಧ್ಯಾಹ್ನಕ್ಕೆ ಮನೆಯಿಂದ ಡಬ್ಬಿ ತರುತ್ತಿದ್ದೆ. ಅನುಸೂಯಕ್ಕ ಎದುರು ಸಿಕ್ಕರೆ ಮಳೆ, ಬಸ್ಸು, ಮಕ್ಕಳ ಹಾಜರಿ ಎಂದು ಮಾ‍ತಾಡಿ ದಾಟಿಕೊಳ್ಳುತ್ತಿದ್ದೆ. ಅವರೂ ಮೊದಲಿನಂತಿರಲಿಲ್ಲ. ಮಾತು ಕಡಿಮೆಯಾಗಿತ್ತು. ಒಂದು ವಾರದಲ್ಲಿ ಸಾರಿಗೆ ಎರಡು ಸಲ ಉಪ್ಪು ಜಾಸ್ತಿ ಬಿತ್ತು, ಒಂದು ಸಲ ಬೀಳಲೇ ಇಲ್ಲ. ಕೆಲಸ ಹೆಚ್ಚಾಗಿ ಸುಸ್ತಾಗಿರಬೇಕು ಎಂದುಕೊಂಡೆ. ಒಮ್ಮೆ ಕಿಟಕಿಯಿಂದ ನೋಡಿದಾಗ ಅವರು ಒಲೆಯ ಮುಂದೆ ಕೈಮುಗಿದು ನಿಂತಿದ್ದರು. ನಾನು ನೋಡಿದ್ದನ್ನು ನೋಡಿ, ಹೊಗೆ ತಾಗಿದವರಂತೆ ಕಣ್ಣೊರೆಸಿಕೊಂಡರು. ಗ್ಯಾಸಿನ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು?

ಫಲಿತಾಂಶ ಜೂನ್ ಇಪ್ಪತ್ತರ ಆಸುಪಾಸಿನ ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಬಂತು. ನನಗೆ ಒಂಬತ್ತನೇ ತರಗತಿ ಪಾಠವಿತ್ತು. ಮಕ್ಕಳಿಗೆ ಬರೆಯಲು ಕೊಟ್ಟು ಮೊಬೈಲ್ ತೆಗೆದೆ. ಅನುಸೂಯಕ್ಕನ ನೋಂದಣಿ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಹಾಕಿದೆ. ಚಕ್ರ ತಿರುಗಿತು, ನಿಂತಿತು, ತಿರುಗಿತು. ಇಡೀ ರಾಜ್ಯದ ಫೇಲಾದವರೆಲ್ಲ ಅದೇ ಹೊತ್ತಿಗೆ ಆ ಬಾಗಿಲು ತಟ್ಟುತ್ತಿರಬೇಕು. ಮೂರನೆಯ ಸಲ ಪುಟ ತೆರೆಯಿತು. ನಾನು ಮೊದಲು ಹುಡುಕಿದ್ದು ಅಂಕವನ್ನಲ್ಲ, ‘ತಡೆಹಿಡಿಯಲಾಗಿದೆ’ ಎನ್ನುವ ಮಾತನ್ನು. ಮೇಲಿಂದ ಕೆಳಕ್ಕೆ ಹುಡುಕಿದೆ. ಇರಲಿಲ್ಲ. ಆಮೇಲೆ ಇಂಗ್ಲಿಷ್ ಸಾಲಿಗೆ ಬಂದೆ. ನಲವತ್ತಾರು. ಪಾಸ್.

ಮೊಬೈಲ್ ಹಿಡಿದುಕೊಂಡೇ ಅಂಗಳ ದಾಟಿ ಓಡಿದೆ. ಒಂಬತ್ತನೇ ತರಗತಿಯ ಮಕ್ಕಳು ಕಿಟಕಿಗೆ ಬಂದು ನೋಡಿದರು. ಆರು ವರ್ಷದಲ್ಲಿ ಆ ಶಾಲೆಯಲ್ಲಿ ಯಾರೂ ನಾನು ಓಡುವುದನ್ನು ನೋಡಿರಲಿಲ್ಲ.

ಅನುಸೂಯಕ್ಕ ಬೇಳೆಗೆ ನೀರು ಹಾಕುತ್ತಿದ್ದರು. ನನ್ನ ಮುಖ ನೋಡಿ ಚೊಂಬು ಕೆಳಗಿಟ್ಟರು.

“ಹೋಯ್ತಾ ಮೇಡಮ್ರೇ?”

“ಪಾಸು! ನಲವತ್ತಾರು!”

ಅವರು ಅಕ್ಕಿ ಮೂಟೆಯ ಮೇಲೆ ಕುಳಿತರು. ಮೊಬೈಲ್ ಇಸಿದುಕೊಂಡು, ಒದ್ದೆ ಬೆರಳಿನಿಂದ ತಮ್ಮ ಹೆಸರನ್ನು ಮುಟ್ಟಿದರು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, “ಅಡ್ಡಗೆರೆ ಎಳೆದ್ರೂ ಕೈ ಬಿಡ್ಲಿಲ್ಲ ಸ್ವಾಮಿ. ಅಡ್ಡಗೆರೆ ಎಳೆದ್ರೂ ಕೈ ಬಿಡ್ಲಿಲ್ಲ” ಎಂದು ಹೇಳುತ್ತಾ ಅಳತೊಡಗಿದರು.

“ಯಾವ ಅಡ್ಡಗೆರೆ?” ಎಂದೆ.

ಅವರು ಎದ್ದು ಹೋಗಿ ಬಾಗಿಲ ಆಚೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಬಂದರು.

“ನಮ್ಮತ್ತೆಗೆ ಹೇಳಲ್ಲ ಅಂತ ಆಣೆ ಮಾಡ್ರಿ.”

“ಹೇಳಲ್ಲ.”

“ಅವತ್ತು ಪರೀಕ್ಷೆಯಾಗೆ ಸ್ವಾಮಿ ಹೆಸ್ರು ಬರೆದು ಗೆರೆ ಎಳೆದು ಶುರು ಮಾಡಿದ್ನಲ್ಲ, ರೂಮಿಗೆ ಬಂದಿದ್ದ ಮೇಡಮ್ಮೋರು ಸಹಿ ಹಾಕಾಕೆ ಬಂದ್ರು. ನಿಮ್ಮಂಗೇ ಕನ್ನಡಕ. ನೋಡಿ ನಿಂತ್ರು. ‘ಅಮ್ಮ, ಇಲ್ಲಿ ದೇವರ ಹೆಸ್ರು ಬರೀಬಾರ್ದು, ನೋಡೋರು ಯಾರೋ ಎಂಥೋರೋ, ಅಡ್ಡಗೆರೆ ಎಳೆದುಬಿಡ್ರಿ’ ಅಂದ್ರು. ನನ್ನ ಕೈಯಾಗೆ ಆಗ್ತೈತಾ? ಹುಟ್ಟಿದಾಗಿಂದ ಬರೆದಿದ್ದೀನಿ, ಒಂದು ದಿನ ಅಳಿಸಿಲ್ಲ. ಪೆನ್ನು ಹಿಡ್ಕಂಡು ಸುಮ್ನೆ ಕುಂತೆ. ಅವ್ರು ಆ ಕಡೆ ಹೋಗಿ ಬಂದ್ರು. ಇನ್ನೂ ಕುಂತಿದ್ದೆ. ಆಮೇಲೆ ಬಗ್ಗಿ, ಮೆಲ್ಲಕೆ, ‘ನಿಮ್ಮ ಕೈಲಿ ಆಗ್ದಿದ್ರೆ ಬಿಡ್ರಿ, ನಾನೇ ಎಳೀತೀನಿ, ಏನಾದ್ರೂ ಇದ್ರೆ ನನಗೇ ಬರ್ಲಿ, ನಮ್ಮನೆ ದೇವ್ರೂ ಇದೇನೆ’ ಅಂತ ಹೇಳಿ ಎಳೆದ್ರು. ಪಕ್ಕಕ್ಕೆ ಸಹಿ ಹಾಕಿದ್ರು. ಎಳೆಯಾಕೆ ಮುಂಚೆ ಆ ಹೆಸ್ರು ಮುಟ್ಟಿ ಕಣ್ಣಿಗೊತ್ಕಂಡ್ರು ಮೇಡಮ್ರೇ, ನಾನು ನೋಡ್ದೆ.”

ನಾನು ಸ್ಟೂಲಿನ ಮೇಲೆ ಕುಳಿತೆ.

“ಅನುಸೂಯಕ್ಕ, ಇದನ್ನ ಅವತ್ತೇ ನನಗೆ ಯಾಕೆ ಹೇಳಲಿಲ್ಲ?”

“ಗೇಟಿನಾಗೆ ಅತ್ತೆ ಇದ್ರಲ್ಲ. ಸ್ವಾಮಿ ಹೆಸರಿಗೆ ಅಡ್ಡಗೆರೆ ಬಿತ್ತು ಅಂದ್ರೆ ಅಲ್ಲೇ ಕುಂತ್ಕಂಡು ಅಳೋರು. ಹೋಗ್ಲಿ, ನಿಮಗಾದ್ರೂ ಆಮೇಲೆ ಹೇಳಾಣ ಅಂದ್ರೆ ನೀವು ನನ್ನ ಮುಖ ನೋಡಿದ್ರೆ ಸಾಕು, ಮಳೆ ಅಂತೀರಿ, ಬಸ್ಸು ಅಂತೀರಿ. ನಾನೇನು ತಿಳ್ಕಳ್ಳಿ? ಸ್ವಾಮಿ ಹೆಸ್ರು ಹೊಡೆದು ಹಾಕಿಸ್ಕಂಡಿದ್ದಕ್ಕೆ ನಾನು ಫೇಲು ಅಂತ ಅಂದ್ಕಂಡಿದ್ದೆ. ನಿಮ್ಮ ಮುಖ ನೋಡಿ, ನಾನು ಫೇಲಾಗಿರೋದು ನಿಮಗೆ ಆಗ್ಲೇ ಗೊತ್ತೈತೆ, ಹೇಳಾಕೆ ಆಗ್ದೆ ಒದ್ದಾಡ್ತಿದ್ದಾರೆ ಅಂತ ಗಟ್ಟಿ ಮಾಡ್ಕಂಡಿದ್ದೆ.”

“ನಾನು ಆ ಹೆಸರು ಅಲ್ಲೇ ಉಳಿದಿದೆ ಅಂತ ಒದ್ದಾಡ್ತಿದ್ದೆ.”

“ಉಳಿದ್ರೆ ಏನಂತೆ?”

ಹೇಳಿದೆ. ನಿಯಮ, ಪ್ರಭು ಸರ್, ಮೆತ್ತಗಾದ ಮಂಡಕ್ಕಿ, ತಿಂಗಳುಗಟ್ಟಲೆ, ಎಲ್ಲ ಹೇಳಿದೆ. ಅವರು ಬಾಯಿ ತೆರೆದುಕೊಂಡು ಕೇಳಿದರು. ಕೇಳಿ ಮುಗಿದ ಮೇಲೆ ನಗಲು ಶುರು ಮಾಡಿದರು. ಅಳು ಇನ್ನೂ ಪೂರ್ತಿ ನಿಂತಿರಲಿಲ್ಲ, ಅದರ ಮೇಲೆಯೇ ನಗು ಬಂತು.

“ಹೆಸ್ರು ಐತೆ ಅಂತ ನೀವು, ಹೋಯ್ತು ಅಂತ ನಾನು! ಒಂದೇ ಗೆರೆಗೆ ಇಬ್ರೂ ಉಪ್ಪಿಲ್ಲದ ಸಾರು ತಿಂದ್ವಲ್ಲ ಮೇಡಮ್ರೇ. ಒಂದ್ಮಾತು ಕೇಳಬಾರ್ದಿತ್ತಾ ನೀವು?”

“ನೀವು ಹೆದರ್ತೀರಿ ಅಂತ ಕೇಳಲಿಲ್ಲ.”

“ನೀವು ಕೇಳ್ದೆ ಇದ್ದಿದ್ದಕ್ಕೇ ನಾನು ಹೆದರಿದ್ದು.”

ಬೇಳೆ ಕುದಿಯುತ್ತಿತ್ತು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ನನಗೆ ತುಂಬ ಹಸಿವಾಗಿದೆ ಎಂದು ಆಗ ಗೊತ್ತಾಯಿತು. ಮಧ್ಯಾಹ್ನ ಡಬ್ಬಿ ಬಿಟ್ಟು ಅವರ ಅನ್ನ ಸಾರನ್ನೇ ಉಂಡೆ. ಉಪ್ಪು ಸರಿಯಾಗಿತ್ತು.

ಸಂಜೆ ಬಸ್ಸಿಗೆ ಮುಂಚೆ ಅವರ ಮನೆಗೆ ಹೋದೆವು. ಭಾಗ್ಯ ತಾಯಿಯನ್ನು ಅಪ್ಪಿಕೊಂಡು ಎತ್ತಲು ನೋಡಿದಳು, ಆಗಲಿಲ್ಲ. ಬೋರಕ್ಕ ಕಾಫಿ ಇಟ್ಟರು. ಲೋಟ ನನ್ನ ಕೈಗೆ ಕೊಡುತ್ತಾ ಗೋಡೆಯ ಮೇಲಿನ ಸ್ವಾಮಿಯ ಪಟದ ಕಡೆ ಗದ್ದ ಎತ್ತಿದರು.

“ನೋಡಿದ್ರಾ ತಾಯಿ? ನೀವು ಎರಡು ಪುಟ ಬರೆದು ಕೊಟ್ರಿ. ನಾನು ಒಂದೇ ಸಾಲು ಹೇಳಿಕೊಟ್ಟೆ. ಆ ಹೆಸ್ರು ಮ್ಯಾಲಿತ್ತು, ಅದಕ್ಕೇ ಪಾಸಾಗಿದ್ದು.”

“ಹೌದು ಬೋರಕ್ಕ” ಎಂದೆ.

“ನನ್ನ ಮಾತು ಕೇಳಿದ್ರೆ ಯಾರೂ ಕೆಡಲ್ಲ.”

“ಹೌದು ಅತ್ತೆ” ಎಂದರು ಅನುಸೂಯಕ್ಕ. ಅವರು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಕಾಫಿ ಬಿಸಿಯಾಗಿತ್ತು, ಇಬ್ಬರೂ ಊದಿ ಊದಿ ಕುಡಿದೆವು.

ಹೊರಟಾಗ ಅನುಸೂಯಕ್ಕ ಬಸ್ ನಿಲ್ದಾಣದವರೆಗೂ ಬಂದರು. ಸೆರಗಿನಿಂದ ಮಡಚಿದ ಎರಡು ಹಾಳೆ ತೆಗೆದು ಕೊಟ್ಟರು. ನಾನು ಬರೆದಿದ್ದ ಪಟ್ಟಿ.

“ಇಟ್ಕಳ್ರಿ. ಮುಂದಿನ ಸಲ ಇನ್ಯಾರಿಗಾದ್ರೂ ಬೇಕಾಗ್ತೈತೆ. ಆಲ್ದೋ ಗೆರೆ ಎಳೆದ್ರು, ನಾನು ಪಾಸಾದೆ. ನೋಡ್ರಿ, ‘ಬಟ್’ ಹಾಕ್ಲಿಲ್ಲ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಾಳೆಗಳನ್ನು ಬಿಡಿಸಿದೆ. ನನ್ನ ಮೊದಲ ಸೂಚನೆಯ ಮೇಲೆ ಇದ್ದ ಒಂದಂಗುಲ ಖಾಲಿ ಜಾಗದಲ್ಲಿ ಅವರ ದುಂಡು ಅಕ್ಷರ: ‘ಶ್ರೀ ತಿಪ್ಪೇರುದ್ರಸ್ವಾಮಿ ಪ್ರಸನ್ನ’. ಕೆಳಗೊಂದು ಗೆರೆ. ಪರೀಕ್ಷೆಗೆ ಮೊದಲು, ಪಟ್ಟಿ ಓದಲು ಕುಳಿತಾಗಲೇ ಬರೆದುಕೊಂಡಿರಬೇಕು.

ಪೆನ್ನು ತೆಗೆದು ಎರಡನೆಯ ಪುಟದ ಕೊನೆಗೆ ಇಪ್ಪತ್ತು ಎಂದು ಹಾಕಿದೆ. ಉತ್ತರ ಪತ್ರಿಕೆಯ ಮೇಲೆ ದೇವರ ಹೆಸರು ಬರೆಯಬಾರದು ಎಂದು ಬರೆದೆ. ಸ್ವಲ್ಪ ಯೋಚಿಸಿ, ಅದರ ಕೆಳಗೆ ಇಪ್ಪತ್ತೊಂದು ಎಂದು ಹಾಕಿ, ಏನಾದರೂ ಆದರೆ ಹೊರಗೆ ಬಂದ ಕೂಡಲೇ ಮೇಡಂಗೆ ಹೇಳಬೇಕು, ಮೇಡಂ ಕೂಡ ಕೇಳಬೇಕು ಎಂದು ಬರೆದೆ. ಬಸ್ಸಿನ ಅಲುಗಾಟಕ್ಕೆ ಅಕ್ಷರ ಸೊಟ್ಟಗಾದವು. ಹಾಗೇ ಬಿಟ್ಟೆ. ಹಿರಿಯೂರು ಬರುವವರೆಗೆ ನಿದ್ದೆ ಮಾಡಿದೆ, ಕಂಡಕ್ಟರೇ ಎಬ್ಬಿಸಬೇಕಾಯಿತು.